ಅಂತರ್ಜಾಲ ದೂರವಾಣಿ: ಕೆಲವು ತಪ್ಪು ತಿಳಿವಳಿಕೆಗಳು

ಪೇಟೆಯ ಔಷಧದಂಗಡಿ, ಮುದ್ರಣಾಲಯ, ಅಡಿಕೆ ವ್ಯಾಪಾರದ ಬಂಡಸಾಲೆಗಳಲ್ಲೂ ಈಗ ಅಂತರ್ಜಾಲದ ಮೂಲಕ ಮಾತನಾಡುವ ದೂರವಾಣಿಯ ಪ್ರಸ್ತಾಪ ಬರುತ್ತಿದೆ. ಹಳೆಯ ತಾಮ್ರದ ತಂತಿಯ ಫೋನನ್ನು ಬಿಟ್ಟು ಇದನ್ನು ಹಾಕಿಸಬೇಕೇ ಎಂದು ಯೋಚಿಸುವ ಹೆತ್ತವರು ನಮ್ಮಲ್ಲೂ ಇದ್ದಾರೆ. ಇದರ ಬಗ್ಗೆ ಇರುವ ಹೆದರಿಕೆಗಳಲ್ಲಿ ಹಲವು ಅನಾವಶ್ಯಕ. ನಿಜವಾಗಿ ಹೆದರಬೇಕಾದ ಕಡೆ ಮಾತ್ರ ಯಾರೂ ಹೆದರುವುದಿಲ್ಲ!

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆ, ಇನ್ನೂ ಪಳಗಿಲ್ಲ ಎಂಬ ಮಾತು ಸರಿಯಲ್ಲ. ಅಮೆರಿಕದ ಆರ್ಪಾನೆಟ್ ಎಂಬ ಜಾಲದಲ್ಲಿ ಡ್ಯಾನಿ ಕೋಹೆನ್ ಮತ್ತು ಜೊತೆಗಾರರು 1974ರಲ್ಲೇ ಮಾತನ್ನು ಕಳುಹಿಸಿ ನೋಡಿದ್ದರು.

ಇದಕ್ಕೆ ಬಹಳ ವೇಗದ ಸಂಪರ್ಕ ಬೇಕೆಂಬುದು ಇನ್ನೊಂದು ಭಾವನೆ. ಲೆಕ್ಕ ಹಾಕಿ ನೋಡೋಣ. ಸಾಮಾನ್ಯ ವಿಧಾನದಲ್ಲಿ ನಮ್ಮ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಯನ್ನು 8 ಬಿಟ್‌ಗಳಲ್ಲಿ ಬರೆಯುತ್ತಾರೆ. ಅಂದರೆ ಸೆಕೆಂಡಿಗೆ 64,000 ಬಿಟ್. ಇದನ್ನು ಪ್ಯಾಕೆಟ್ ಎಂಬ ಪುಟ್ಟ ಕಟ್ಟುಗಳಾಗಿ, ಸೆಕೆಂಡಿಗೆ 50ರಂತೆ ಕಳುಹಿಸುತ್ತಾರೆ. ಪ್ರತಿಯೊಂದು ಕಟ್ಟಿನ ಮೇಲೆ, ಅಂಚೆಯ ಲಕೋಟೆಯಂತೆ, ವಿಳಾಸ ಬೇಕಷ್ಟೆ. ಅದೂ ಸೇರಿ ಒಂದು ಕರೆಗೆ ಸುಮಾರು 90,000 ಬಿಟ್ ಆದೀತು. ಹತ್ತು ಜನ ಒಟ್ಟಿಗೆ ಮಾತನಾಡಿದರೂ ಹೋಗಲು ಒಂದು ಮೆಗಾಬಿಟ್, ಬರಲು ಒಂದು ಮೆಗಾಬಿಟ್ ಸಾಕು.

ಹಾಗಾದರೆ ಮಾತು ತುಂಡು ತುಂಡಾಗಿ ಕೇಳುವುದೇಕೆ? ಕಟ್ಟುಗಳು ಹೊತ್ತಿಗೆ ಸರಿಯಾಗಿ ತಲುಪದಿರುವುದೇ ಹೆಚ್ಚಾಗಿ ಕಾರಣ. ಚಿತ್ರವೋ ಪತ್ರವೋ ಆದರೆ ತಡವಾಗಿ ಬಂದರೂ ಪ್ರಯೋಜನಕ್ಕೆ ಬರುತ್ತದೆ. ಮಾತಿನ ಕಟ್ಟು ತಡವಾದರೆ ಅದನ್ನು ಎಸೆಯಬೇಕು, ಆ ಅಕ್ಷರದ ಸಮಯ ಕಳೆದುಹೋಗಿದೆ. ಬಾಯಿಯಿಂದ ಕಿವಿಗೆ 150 ಮಿಲಿಸೆಕೆಂಡಿನೊಳಗೆ ತಲುಪಿದರೆ ಸಂಭಾಷಣೆ ಸಹಜವಾಗಿರುತ್ತದೆ. ಅಂಗಡಿಯ ಒಳಗೆ ಯಾರೋ ಮದುವೆಯ ವಿಡಿಯೋ ಕಳುಹಿಸಲು ಕುಳಿತರೆ ಮಾತಿನ ಕಟ್ಟುಗಳು ಅದರ ಹಿಂದೆ ಸಾಲಿನಲ್ಲಿ ಕಾಯಬೇಕಾಗುತ್ತದೆ. ಆಗ ಹೆಚ್ಚು ಹಣ ತೆತ್ತು ದೊಡ್ಡ ಸಂಪರ್ಕ ಕೊಳ್ಳುವ ಮೊದಲು, ಮಾತಿನ ಕಟ್ಟುಗಳನ್ನು ಮುಂದೆ ಬಿಡುವಂತೆ ರೂಟರಿನಲ್ಲಿ ಏರ್ಪಾಡು ಮಾಡಿಸುವುದು ಜಾಣತನ.

ಇನ್ನು, ಹೆದರಬೇಕಾದ ವಿಷಯ. ಹಳೆಯ ಫೋನಿಗೆ ವಿದ್ಯುತ್ತು ಬರುತ್ತಿದ್ದುದು ಎಕ್ಸ್‌ಚೇಂಜಿನ 48 ವೋಲ್ಟಿನ ಬ್ಯಾಟರಿಯಿಂದ, ಅದೇ ತಂತಿಯಲ್ಲಿ. ಆಟಿಯ ಮಳೆಗೆ ಊರಿಗೆ ಊರೇ ಕತ್ತಲಾದರೂ, ತಂತಿ ಕಡಿಯದಿದ್ದರೆ, ಅದು ಗಂಟೆ ಹೊಡೆಯುತ್ತಿತ್ತು. ಹೊಸದು ಹಾಗಲ್ಲ: ಕರೆಂಟು ಹೋದರೆ ರೂಟರೂ ಫೋನೂ ಒಟ್ಟಿಗೆ ಮೂಕವಾಗುತ್ತವೆ. ರಾತ್ರಿ ಔಷಧ ಬೇಕಾಗಿ ಫೋನು ಮಾಡಿದವರಿಗೆ ಅಂಗಡಿ ಸಿಗುವುದಿಲ್ಲ. ರೂಟರಿಗೊಂದು ಬ್ಯಾಟರಿ ಇಡಬೇಕು. ಸಂಖ್ಯೆಯ ಲೆಕ್ಕಾಚಾರವೆಲ್ಲ ಕಂಪೆನಿಯ ಯಂತ್ರದಲ್ಲಿ ನಡೆಯುವುದರಿಂದ, ಅಂಗಡಿಯ ಫೋನು ನಿಂತಾಗ ಕರೆ ಮಾಲೀಕರ ಮೊಬೈಲಿಗೆ ಹೋಗುವಂತೆ ಮೊದಲೇ ಹೇಳಿಡಲೂಬಹುದು. ಈ ಅನುಕೂಲ ಎಷ್ಟೋ ಮಂದಿಗೆ ಗೊತ್ತೇ ಇಲ್ಲ. ತುರ್ತಿನ 112ಕ್ಕೆ ಮಾತ್ರ ಮೊಬೈಲನ್ನೇ ಬಳಸುವುದು ಕ್ಷೇಮ. ಅಂತರ್ಜಾಲದ ಕರೆಯಿಂದ ನೀವು ಎಲ್ಲಿದ್ದೀರೆಂಬುದು ತಾನಾಗಿ ತಿಳಿಯುತ್ತದೆಂದು ನಂಬುವಂತಿಲ್ಲ.

ಎಲ್ಲವೂ ಧರ್ಮಕ್ಕೆ ಎಂಬುದೂ ಸುಳ್ಳು. ಸಾಮಾನ್ಯ ಫೋನಿನ ಸಂಖ್ಯೆಗೆ ಕರೆ ತಲುಪಬೇಕಾದರೆ ಪರವಾನಗಿ ಪಡೆದ ಕಂಪೆನಿಯ ಮೂಲಕ ದಾಟಬೇಕು, ಅದಕ್ಕೆ ಶುಲ್ಕವಿದೆ. ಭಾರತದಲ್ಲಿ ಅಂತರ್ಜಾಲ ದೂರವಾಣಿಗೆ 2002ರಲ್ಲಿ ಸೀಮಿತ ಅನುಮತಿ ಸಿಕ್ಕಿತು. 2018ರಲ್ಲಿ ದಾರಿ ಇನ್ನಷ್ಟು ತೆರೆಯಿತು.

ಕಳ್ಳರ ಮಾತನ್ನೂ ಹೇಳಬೇಕು. "ನಮ್ಮದು ಸಣ್ಣ ಅಂಗಡಿ, ನಮ್ಮ ತಂಟೆಗೆ ಯಾರು ಬರುತ್ತಾರೆ?" ಎಂದು ಗುಪ್ತಪದವನ್ನು 1234 ಎಂದು ಇಡುವವರಿದ್ದಾರೆ. ಕಳ್ಳರು ಅಂಗಡಿಯ ಗಾತ್ರ ನೋಡುವುದಿಲ್ಲ, ಅವರ ಯಂತ್ರಗಳು ಹಗಲೂ ರಾತ್ರಿ ಇಂಥ ಗುಪ್ತಪದಗಳನ್ನೇ ಹುಡುಕುತ್ತಿರುತ್ತವೆ. ಒಂದೇ ರಾತ್ರಿಯಲ್ಲಿ ದೂರದ ದೇಶಗಳಿಗೆ ನೂರಾರು ಕರೆ ಮಾಡಿ, ಬಿಲ್ಲನ್ನು ಅಂಗಡಿಯವರ ತಲೆಗೆ ಕಟ್ಟುತ್ತಾರೆ. ವಿದೇಶದ ವ್ಯವಹಾರವಿಲ್ಲದವರು ಆ ಸೌಲಭ್ಯವನ್ನೇ ಮುಚ್ಚಿಸಲಿ. ಗಲ್ಫಿನಲ್ಲಿ ನೆಂಟರೋ ಗಿರಾಕಿಗಳೋ ಇರುವವರು ಆ ದೇಶಗಳನ್ನಷ್ಟೇ ತೆರೆದಿಡಿಸಲು ಸಾಧ್ಯವೇ ಎಂದು ಕಂಪೆನಿಯವರನ್ನು ಕೇಳಿ, ತಿಂಗಳ ಖರ್ಚಿಗೂ ಒಂದು ಮಿತಿ ಹಾಕಿಸಲಿ.