ಊರವರು ಬಚ್ಚಿಟ್ಟ ಬಂಗಾರ

ದಕ್ಷಿಣ ಫ್ರಾನ್ಸಿನ ಅವೇರೋ ಜಿಲ್ಲೆಯ ಇಕ್ಕಟ್ಟಾದ ಕಣಿವೆಯೊಂದರ ಇಳಿಜಾರಿನಲ್ಲಿ ಕೊಂಕ್ ಎಂಬ ಹಳ್ಳಿಯಿದೆ. ಮರದ ಚೌಕಟ್ಟಿನ ಗೋಡೆಗಳು, ತೆಳುಗಲ್ಲಿನ ಮಾಡು, ಕಲ್ಲು ಹಾಸಿದ ಏರುಬೀದಿ. ಊರಲ್ಲಿರುವುದು ಕೆಲವೇ ನೂರು ಜನ. ನಡುವೆ ಎದ್ದಿರುವ ಚರ್ಚು ಮಾತ್ರ ಮಹಾನಗರಕ್ಕೂ ದೊಡ್ಡದೆನಿಸುವಂಥದ್ದು.

ಇದರ ಮೂಲದಲ್ಲೊಂದು ಕಳ್ಳತನವಿದೆ. ರೋಮನ್ನರ ಕಾಲದಲ್ಲಿ ನಂಬಿಕೆಗಾಗಿ ಪ್ರಾಣ ಕೊಟ್ಟಳೆನ್ನುವ ಬಾಲಕಿ ಸಂತ ಫುವಾಳ ಅಸ್ಥಿ ಆಜೆನ್ ಪಟ್ಟಣದಲ್ಲಿತ್ತು. ಕೊಂಕ್‌ನ ಸನ್ಯಾಸಿಯೊಬ್ಬ ಅಲ್ಲಿಯವರೊಡನೆ ಸೇರಿ, ವರ್ಷಗಟ್ಟಲೆ ವಿಶ್ವಾಸ ಗಳಿಸಿ, 9ನೇ ಶತಮಾನದಲ್ಲಿ ಅದನ್ನು ಹೊತ್ತು ತಂದನೆಂದು ಪ್ರತೀತಿ. ಪವಾಡಗಳ ಸುದ್ದಿ ಹಬ್ಬಿತು. ಸ್ಪೇನಿನ ಸಾಂತಿಯಾಗೊಗೆ ಕಾಲ್ನಡಿಗೆಯಲ್ಲಿ ಹೊರಟ ಯಾತ್ರಿಕರಿಗೆ ಕೊಂಕ್ ತಪ್ಪಿಸಬಾರದ ಕ್ಷೇತ್ರವಾಯಿತು. ಈಗಿನ ಚರ್ಚಿನ ಕಟ್ಟೋಣ ಶುರುವಾದದ್ದು 11ನೇ ಶತಮಾನದಲ್ಲಿ.

ಪಡುಬಾಗಿಲ ಮೇಲೆ ಕೊನೆಯ ತೀರ್ಪಿನ ಶಿಲ್ಪವಿದೆ. 124 ಆಕೃತಿಗಳು, ಅಲ್ಲಲ್ಲಿ ಹಳೆಯ ಬಣ್ಣ ಇನ್ನೂ ಉಳಿದಿದೆ. ನರಕದಲ್ಲಿ ಜಿಪುಣನೊಬ್ಬ ಕೊರಳಿಗೆ ಹಣದ ಚೀಲ ಕಟ್ಟಿಕೊಂಡೇ ನೇತಾಡುತ್ತಾನೆ. ಅಂಚಿನ ಕಮಾನಿನ ಹಿಂದಿನಿಂದ ಪುಟ್ಟ ಮುಖಗಳು ಇಣುಕುತ್ತವೆ. ಅವನ್ನು ಹುಡುಕಿಯೇ ನೋಡಬೇಕು.

ಅಸ್ಥಿಯನ್ನಿಟ್ಟ ಮೂರ್ತಿಯದು ಬೇರೆಯೇ ಬೆರಗು. ಮರದ ಮೈಗೆ ಬಂಗಾರದ ತಗಡು, ಮೈತುಂಬ ಭಕ್ತರು ಕೊಟ್ಟ ಹರಳುಗಳು. ತಲೆಯಂತೂ ದೇಹಕ್ಕಿಂತ ಹಳೆಯದು, ರೋಮನ್ ಯುಗದ ಕೊನೆಗಾಲದ್ದು. 11ನೇ ಶತಮಾನದ ಆರಂಭದಲ್ಲಿ ಬಂದ ಆಂಜೆಯ ವಿದ್ವಾಂಸ ಬರ್ನಾರ್ಡ್ ಇದನ್ನು ಮೊದಲು ಬರಿಯ ವಿಗ್ರಹವೆಂದು ಹೀಗಳೆದ. ಆಮೇಲೆ ಮನಸ್ಸು ಬದಲಿಸಿ, ಫುವಾಳ ಪವಾಡಗಳನ್ನೇ ಗ್ರಂಥವಾಗಿ ಬರೆದ.

ಆದರೆ ಕೊಂಕ್‌ನ ಚರಿತ್ರೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕೆಲಸ ಮಾಡಿದವರು ಊರಿನ ಸಾಮಾನ್ಯರು. ಫ್ರೆಂಚ್ ಕ್ರಾಂತಿಯಲ್ಲಿ ಎಷ್ಟೋ ಚರ್ಚುಗಳ ಬೆಳ್ಳಿ ಬಂಗಾರ ಕುಲುಮೆ ಸೇರಿದಾಗ, ಇಲ್ಲಿಯವರು ಭಂಡಾರವನ್ನು ಹಂಚಿಕೊಂಡು ಮನೆ, ಹಿತ್ತಿಲುಗಳಲ್ಲಿ ಬಚ್ಚಿಟ್ಟರು. ಕಾಲ ತಿಳಿಯಾದ ಮೇಲೆ ತಂದೊಪ್ಪಿಸಿದರು. ಬಡ ಹಳ್ಳಿಗರ ಆ ನಿಷ್ಠೆಯಿಂದಲೇ ಮೂರ್ತಿಯನ್ನು ಇಂದು ಚರ್ಚಿನ ಪಕ್ಕದ ಭಂಡಾರದಲ್ಲಿ ಕಾಣಬಹುದು.

ಕಟ್ಟಡಕ್ಕೆ ಅಂಥ ಅದೃಷ್ಟವಿರಲಿಲ್ಲ. ಸ್ಮಾರಕಗಳ ಇನ್‌ಸ್ಪೆಕ್ಟರ್ ಆಗಿದ್ದ ಸಾಹಿತಿ ಪ್ರಾಸ್ಪೆರ್ ಮೆರಿಮೆ 1837ರಲ್ಲಿ ಬಂದಾಗ ಅದು ಶಿಥಿಲವಾಗಿತ್ತು. ಅವನ ವರದಿಯಿಂದ ದುರಸ್ತಿಗೆ ದಾರಿಯಾಯಿತು. 1998ರಲ್ಲಿ ಫ್ರಾನ್ಸಿನ ಯಾತ್ರಾಮಾರ್ಗಗಳೊಂದಿಗೆ ವಿಶ್ವಪರಂಪರೆಯ ಪಟ್ಟಿಗೂ ಸೇರಿತು.

ಒಳಗಿನ 104 ಕಿಟಕಿಗಳು ಮಾತ್ರ ನಮ್ಮ ಕಾಲದವು. ಹತ್ತಿರದ ರೊಡೆಜ್‌ನಲ್ಲಿ ಹುಟ್ಟಿದ, ಕಪ್ಪು ಬಣ್ಣದ ಚಿತ್ರಗಳಿಂದ ಹೆಸರಾದ ಪಿಯೆರ್ ಸೂಲಾಜ್ ಹುಡುಗನಾಗಿದ್ದಾಗ ಈ ಚರ್ಚನ್ನು ಕಂಡೇ ಕಲಾವಿದನಾಗಲು ನಿರ್ಧರಿಸಿದ್ದರಂತೆ. 1994ರಲ್ಲಿ ಪೂರ್ತಿಯಾದ ಅವರ ಕಿಟಕಿಗಳಲ್ಲಿ ಸಂತರ ಚಿತ್ರವಿಲ್ಲ, ಬಣ್ಣವೂ ಇಲ್ಲ. ಬೆಳಕನ್ನಷ್ಟೇ ಒಳಬಿಡುವ ಮಸುಕು ಗಾಜು, ಅದರ ಮೇಲೆ ಕಪ್ಪು ಗೆರೆಗಳು. ಅವುಗಳ ತಯಾರಿಯ ವಿನ್ಯಾಸಗಳು ರೊಡೆಜ್‌ನ ಸೂಲಾಜ್ ಮ್ಯೂಸಿಯಂನಲ್ಲಿವೆ. ಕೊಂಕ್‌ಗೆ ಹೋಗುವವರು ಅದನ್ನೂ ಸೇರಿಸಿಕೊಂಡು ಬರುವುದು ಒಳ್ಳೆಯದು.