ಕುದಿಸಿದರೆ ಇನ್ನಷ್ಟು ವಿಷ!

ನೀರು ಕೆಟ್ಟಿದೆಯೆಂಬ ಗುಮಾನಿ ಬಂದರೆ ಕುದಿಸಿ ಆರಿಸಿ ಕುಡಿಯುವುದು ಎಲ್ಲೆಡೆಯ ರೂಢಿ. ಆದರೆ 2014ರ ಆಗಸ್ಟ್ 2ರ ನಸುಕಿನಲ್ಲಿ ಅಮೆರಿಕದ ಒಹಾಯೊ ರಾಜ್ಯದ ಟೊಲೀಡೊ ನಗರಾಡಳಿತ ಹೊರಡಿಸಿದ ಸೂಚನೆಯೇ ಬೇರೆ: ನಲ್ಲಿ ನೀರು ಕುಡಿಯಬೇಡಿ, ಕುದಿಸಲೂ ಬೇಡಿ!

ಕಾರಣ, ನಗರಕ್ಕೆ ನೀರುಣಿಸುವ ಈರಿ ಸರೋವರದಲ್ಲಿ ಹಬ್ಬಿದ್ದ ನೀಲಿ-ಹಸಿರು ಪಾಚಿ. ಜನ ಪಾಚಿ ಎನ್ನುವ ಇದು ಅಸಲಿಗೆ ಸಯನೋಬ್ಯಾಕ್ಟೀರಿಯಾ. ಹೊಲಗಳ ಗೊಬ್ಬರದಿಂದ ನದಿಗಿಳಿದು ಬರುವ ರಂಜಕ ಉಂಡು ಬೇಸಿಗೆಯಲ್ಲಿ ಕೊಬ್ಬುತ್ತದೆ. ಯಕೃತ್ತನ್ನು ಕೆಡಿಸುವ ಮೈಕ್ರೋಸಿಸ್ಟಿನ್ ಎಂಬ ವಿಷ ತಯಾರಿಸುತ್ತದೆ. ಈ ವಿಷ ಬಿಸಿಗೆ ಜಗ್ಗುವುದಿಲ್ಲ. ಕುದಿಸಿದಷ್ಟೂ ನೀರು ಆವಿಯಾಗಿ, ಪಾತ್ರೆಯಲ್ಲಿ ಉಳಿದದ್ದು ಮತ್ತಷ್ಟು ವಿಷಮಯ! ಲೀಟರಿಗೆ 1 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ.

ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಬಾಟಲಿ ನೀರಿಗೆ ಮುಗಿಬಿದ್ದರು. ನೀರು ಹಂಚಲು ನ್ಯಾಷನಲ್ ಗಾರ್ಡ್ ಪಡೆ ಬಂತು. ಶುದ್ಧೀಕರಣ ಘಟಕದಲ್ಲಿ ವಿಷ ಹೀರುವ ಸಕ್ರಿಯ ಇಂಗಾಲದ ಪುಡಿಯನ್ನು ಹೆಚ್ಚಾಗಿ ಬೆರೆಸಲಾಯಿತು. ಆಗಸ್ಟ್ 4ರಂದು ನಿಷೇಧ ತೆರವಾದಾಗ ಮೇಯರ್ ಮೈಕಲ್ ಕಾಲಿನ್ಸ್ ಎಲ್ಲರೆದುರು ಒಂದು ಲೋಟ ನಲ್ಲಿ ನೀರು ಕುಡಿದು ತೋರಿಸಿದರು. ರಾಜಕಾರಣಿಯ ಮಾತಿಗಿಂತ ಗುಟುಕಿಗೇ ಬೆಲೆ ಹೆಚ್ಚು!

ಹಾಗಾದರೆ ಪಾಚಿಯನ್ನೇ ಕೊಂದರಾಯಿತಲ್ಲ? ಅದೂ ಅಪಾಯವೇ. 1979ರಲ್ಲಿ ಆಸ್ಟ್ರೇಲಿಯಾದ ಪಾಮ್ ದ್ವೀಪದ ಜಲಾಶಯಕ್ಕೆ ಮೈಲುತುತ್ತ ಸುರಿದ ಬಳಿಕ 148 ಮಂದಿ ಕಾಯಿಲೆ ಬಿದ್ದರು. ಅವರಲ್ಲಿ ಬಹುಪಾಲು ಮಕ್ಕಳು. ಸತ್ತ ಕೋಶಗಳು ಒಡೆದು ಒಳಗಿನ ವಿಷ ನೀರಿಗಿಳಿದಿತ್ತು ಎನ್ನುತ್ತಾರೆ ವಿಜ್ಞಾನಿಗಳು. ಅದಕ್ಕೇ ಶುದ್ಧೀಕರಣದಲ್ಲಿ ಕೋಶಗಳನ್ನು ಒಡೆಯದಂತೆ ಮೊದಲು ಸೋಸಿ ತೆಗೆಯುವುದು, ಕ್ಲೋರಿನ್ ಹಾಕುವುದು ಆಮೇಲೆ.