ಬುನಾಕೆನ್: ಕಾಲೂರಲು ನೆಲವಿಲ್ಲದ ಹವಳದ ಗೋಡೆ

ಇಂಡೊನೇಷ್ಯಾದ ಸುಲಾವೆಸಿಯ ಉತ್ತರ ತುದಿ. ಮನಾಡೊ ಪಟ್ಟಣದಿಂದ ದೋಣಿ ಹತ್ತಿದರೆ ಬುನಾಕೆನ್ ದ್ವೀಪ. ದಡದ ಹತ್ತಿರ ತಿಳಿನೀರು, ಹವಳದ ದಿಬ್ಬ. ದಿಬ್ಬ ಮುಗಿದಲ್ಲಿ ಗೋಡೆ ನೆಟ್ಟಗೆ ಕಡುನೀಲಿಗೆ ಇಳಿಯುತ್ತದೆ.

ತಳ ಕಾಣದ ಕಡೆ ಎಷ್ಟು ಆಳಕ್ಕಿಳಿದೆವೆಂಬುದು ಮೈಗೆ ಗೊತ್ತೇ ಆಗುವುದಿಲ್ಲ. ಅದಕ್ಕೇ ಡೈವರ್‌ಗಳ ಕಣ್ಣು ಮಣಿಕಟ್ಟಿನ ಡೈವ್ ಕಂಪ್ಯೂಟರ್ ಮೇಲೆ. ಪ್ರತಿ 10 ಮೀಟರಿಗೂ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ; 30 ಮೀಟರ್ ಆಳದಲ್ಲಿ ಸಿಲಿಂಡರಿನ ಗಾಳಿ ನಾಲ್ಕು ಪಟ್ಟು ಬೇಗ ಖಾಲಿ. ಹವ್ಯಾಸಿಗಳಿಗೆ 40 ಮೀಟರೇ ಗಡಿ.

ಈಗ ಗೋಡೆಗೆ ಟಾರ್ಚ್ ಬಿಡಿ! ಸೂರ್ಯನ ಬೆಳಕಿನ ಕೆಂಪನ್ನು ನೀರು ಮೇಲೆಯೇ ಹೀರಿಬಿಟ್ಟಿರುತ್ತದೆ. ಅಲ್ಲಿಯವರೆಗೆ ಬೂದಿಬಣ್ಣಕ್ಕಿದ್ದ ಬೀಸಣಿಗೆ ಹವಳ ಥಟ್ಟನೆ ಕೆಂಪಗೆ ಹೊಳೆಯುತ್ತದೆ. ಇನ್ನಷ್ಟು ಹತ್ತಿರ ಹೋಗಿ ನೋಡಿದರೆ, ಅದರ ಕಡ್ಡಿಗೆ ಬಾಲ ಸುತ್ತಿ ಕೂತ ಪುಟಾಣಿ ಕಡಲಕುದುರೆ. ಉದ್ದ ಸುಮಾರು ಎರಡು ಸೆಂಟಿಮೀಟರ್. ಮೈತುಂಬ ಹವಳದ್ದೇ ಗಂಟುಗಳು. ಎಂಥ ಅದ್ಭುತ ವೇಷ! ಪಕ್ಕದ ಬಂಡೆಚಾಚಿನಲ್ಲಿ ಹಸಿರು ಕಡಲಾಮೆ ನಿದ್ದೆ ಹೊಡೆಯುತ್ತಿರುತ್ತದೆ.

1991ರಿಂದ ಬುನಾಕೆನ್ ರಾಷ್ಟ್ರೀಯ ಉದ್ಯಾನ.

ಇಲ್ಲಿನ ಆಳದಿಂದ ಇನ್ನೊಂದು ಅಚ್ಚರಿಯೂ ಮೇಲೆ ಬಂದಿದೆ. 1998ರಲ್ಲಿ, ಪಕ್ಕದ ಮನಾಡೊ ತುವಾ ದ್ವೀಪದ ಬಳಿ ಮೀನುಗಾರರ ಆಳದ ಬಲೆಗೆ ಒಂದು ಸೀಲಕಾಂತ್ ಬಿತ್ತು. ಡೈನೋಸಾರ್‌ಗಳ ಕಾಲಕ್ಕೇ ಅಳಿದುಹೋಯಿತೆಂದು ವಿಜ್ಞಾನಿಗಳು ಒಮ್ಮೆ ನಂಬಿದ್ದ ಮೀನಿನ ವಂಶ ಅದು. ಆಫ್ರಿಕಾದ ಕಡೆ ಸಿಕ್ಕಿದ್ದಕ್ಕಿಂತ ಇದು ಬೇರೆಯೇ ಜಾತಿ. ಹೆಸರು, ಲ್ಯಾಟಿಮೇರಿಯಾ ಮೆನಾಡೊಎನ್ಸಿಸ್.